ಬಾಣಂತಮ್ಮನ ಕಲ್ಲು

ಮನೆಯಲ್ಲಿ ಬೆಣ್ಣೆ ಕಾಯಿಸುವ ದಿನ ನಾನು ಅಡುಗೆಮನೆಯ ಬಾಗಿಲಲ್ಲೇ ಸುಳಿದಾಡುತ್ತಿರುತ್ತೇನೆ. ನುಗ್ಗೆಸೊಪ್ಪು ಹಾಕಿ ಇಳಿಸಿ, ತುಪ್ಪ ಸೋಸಿಕೊಂಡ ಮೇಲೆ ತಳದಲ್ಲಿ ಉಳಿಯುವ ಗಸಿಗೆ ಬಿಸಿ ಅನ್ನ ಕಲಸಿ ತಿನ್ನುವ ಆಸೆ ಈ ವಯಸ್ಸಿನಲ್ಲೂ ಹೋಗಿಲ್ಲ. ಡಾಕ್ಟರು ಬೇಡವೆಂದ ಮೇಲಂತೂ ಇನ್ನೂ ಹೆಚ್ಚಿದೆ. ಆದರೆ ಈಚೆಗೆ ಆ ವಾಸನೆ ಬಂದರೆ ಬಾಯಲ್ಲಿ ನೀರೂರುವುದಕ್ಕೆ ಮೊದಲು ಒಂದು ಕಲ್ಲು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಬೆಣ್ಣೆಗೂ ಕಲ್ಲಿಗೂ ಎಲ್ಲಿಯ ಸಂಬಂಧ ಎನ್ನುತ್ತೀರಿ. ಅದನ್ನು ಹೇಳಬೇಕಾದರೆ ನಮ್ಮ ಗೌರ ಚಿಕ್ಕಮ್ಮನ ವಿಷಯ ಹೇಳಬೇಕು.

ಅದಕ್ಕೂ ಮುಂಚೆ ನನ್ನ ಪಾಂಡಿತ್ಯದ ಬಗ್ಗೆ ಎರಡು ಮಾತು. ನಾನು ಅರಸೀಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಟ್ಟು ನಿವೃತ್ತನಾದವನು. ಬೇಲೂರು, ಹಳೇಬೀಡು ನೋಡಲು ಬರುವ ನೆಂಟರೆಲ್ಲ ರೈಲಿಳಿದು ನಮ್ಮ ಮನೆಯಲ್ಲಿ ತಿಂಡಿ ತಿಂದೇ ಮುಂದೆ ಹೋಗುವುದು. ಅವರ ಜೊತೆ ಹೋಗಿ ಹೋಗಿ, ಪಕ್ಕದ ಗುಂಪಿನ ಗೈಡು ಹೇಳಿದ್ದನ್ನು ಕಿವಿಗೊಟ್ಟು ಕೇಳಿ, ಒಂದೆರಡು ಪುಸ್ತಕ ತಿರುವಿಹಾಕಿ, ಬಂಧುಬಳಗದಲ್ಲಿ ಕಲ್ಲಿನ ಪಂಡಿತ ಎನಿಸಿಕೊಂಡುಬಿಟ್ಟೆ. ಈ ಪದವಿಯನ್ನು ಇನ್ನೂ ಒಪ್ಪದಿರುವವಳು ನನ್ನ ಹೆಂಡತಿಯೊಬ್ಬಳೇ.

ಆದ್ದರಿಂದಲೇ ಗಂಡನ ಊರು ಕಣಕಟ್ಟೆಯಿಂದ ಚಿಕ್ಕಮ್ಮ ಫೋನ್ ಮಾಡಿದ್ದು ನನಗೆ.

"ಲೋ, ನಮ್ಮೂರ ಬಾಣಂತಮ್ಮನ್ನ ಕಿತ್ಕೊಂಡೋಗಿ ಮ್ಯೂಸಿಯಮ್ಮಿಗೆ ಹಾಕವ್ರಂತೆ. ನನ್ನ ಕರ್ಕೊಂಡು ಹೋಗ್ತೀಯೇನೋ?"

ಚಿಕ್ಕಮ್ಮನಿಗೂ ನನ್ನ ಅಮ್ಮನಿಗೂ ತವರು ಹಗರೆಯ ಕಡೆಯ ಒಂದು ಸಣ್ಣ ಊರು. ಅಲ್ಲಿನ ಕೆರೆ ಏರಿಯ ಮೇಲೆ ಎದೆಮಟ್ಟದ ಒಂದು ಕಲ್ಲಿತ್ತು. ಅದರಲ್ಲಿ ಕೆತ್ತನೆಯ ಮೂರು ಸಾಲು. ನಡುವಿನ ಸಾಲಿನಲ್ಲಿ ಕಾಲು ಮಡಿಸಿ ಕೂತ ಒಂದು ದುಂಡನೆಯ ಆಕೃತಿ, ಅದರ ಎರಡೂ ತೋಳು ಹಿಡಿದ ಇಬ್ಬರು ಹೆಂಗಸರು. ಊರಿನ ಹೆಣ್ಣುಮಕ್ಕಳ ಪಾಲಿಗೆ ಅದು ಹೆರಿಗೆಯ ಚಿತ್ರ: ನಡುವೆ ಬಸುರಿ, ಅಕ್ಕಪಕ್ಕ ಸೂಲಗಿತ್ತಿಯರು. ಕೆಳಗಿನ ಸಾಲಿನ ದನಗಳು ತವರಿನವರು ಕೊಟ್ಟ ಬಳುವಳಿ. ಅಲ್ಲೊಬ್ಬರ ಕೈಯಲ್ಲಿರುವುದು ಹೊಕ್ಕುಳಬಳ್ಳಿ ಕೊಯ್ಯುವ ಕುಡುಗೋಲು. ಮೇಲಿನ ಸಾಲಿನಲ್ಲಿ ಲಿಂಗವಿತ್ತಲ್ಲ, ಮಗು ಕೊಟ್ಟವನು ಅವನೇ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವರು ಮೊದಲು ಏರಿಗೆ ಹೋಗಿ ಬಾಣಂತಮ್ಮನ ಹೊಟ್ಟೆಗೆ ಬೆಣ್ಣೆ ಹಚ್ಚಬೇಕು. ನನ್ನ ಅಮ್ಮ ಹಚ್ಚಿದ್ದಳು, ಅದರ ಫಲವಾಗಿ ನಾನು ಹುಟ್ಟಿದ್ದೇನೆ. ಬಾಣಂತಮ್ಮ ಇನ್ನೂ ಸ್ವಲ್ಪ ಗಮನ ಕೊಡಬಹುದಿತ್ತು ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಚಿಕ್ಕಮ್ಮನೂ ಬೆಣ್ಣೆ ಹಚ್ಚಿದ್ದಳು. ಹುಟ್ಟಿದ ಗಂಡುಮಗು ಅಳಲಿಲ್ಲ. ದೊಡ್ಡವರು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ತೋಟದ ಅಂಚಿನಲ್ಲಿ ಮಣ್ಣು ಮಾಡಿ ಬಂದರು. ಅವಳಿಗೆ ಮುಖವನ್ನೂ ತೋರಿಸಲಿಲ್ಲ. ಎದ್ದು ಓಡಾಡುವಂತಾದ ದಿನ ಅವಳು ನೆಟ್ಟಗೆ ಏರಿಗೆ ಹೋಗಿ, "ನನ್ನ ಬೆಣ್ಣೆ ತಿಂದು ನನ್ನ ಮಗೀನ ನುಂಗ್ದಲ್ಲೇ, ನಿನ್ನ ಮಕ ಇನ್ನು ನೋಡಾಕಿಲ್ಲ" ಎಂದು ಬಾಯಿಗೆ ಬಂದಂತೆ ಬೈದು, ಕೆರೆಯ ಕೆಸರು ಬಾಚಿ ಕಲ್ಲಿಗೆ ಎರಚಿ ಬಂದಳಂತೆ. ಇದನ್ನು ನನಗೆ ಹೇಳಿದವಳು ಅಮ್ಮ. ಚಿಕ್ಕಮ್ಮನ ಬಾಯಲ್ಲಿ ಆ ಮಗುವಿನ ಮಾತು ನಾನು ಕೇಳಿಯೇ ಇರಲಿಲ್ಲ. ಮುಂದಿನ ಮಕ್ಕಳೆಲ್ಲ ಕಣಕಟ್ಟೆಯಲ್ಲೇ ಹುಟ್ಟಿದರು. ತವರಿಗೆ ಬಂದರೂ ಅವಳು ಏರಿಯ ದಾರಿ ಬಿಟ್ಟು ರಾಗಿ ಹೊಲ ಬಳಸಿಕೊಂಡು ಹೋಗುತ್ತಿದ್ದಳು.

ಆ ಫೋನ್ ಬಂದಾಗ ಚಿಕ್ಕಮ್ಮನ ಮೊಮ್ಮಗಳು ಶ್ವೇತ ಬಸುರಿ. ಬಿಪಿ ಜಾಸ್ತಿಯಿದೆ, ಹುಷಾರಾಗಿರಬೇಕು ಎಂದು ಹಾಸನದ ಡಾಕ್ಟರು ಹೇಳಿದ್ದರು. ಚಿಕ್ಕಮ್ಮನಿಗೆ ಅದು ಬಿಪಿ ಎಂದು ಅನಿಸಲೇ ಇಲ್ಲ.

"ನಾನು ಬೈದಿದ್ನ ಅವಳು ಮರ್ತಿಲ್ಲ ಕಣೋ," ಎಂದಳು ಹಳೇಬೀಡಿನ ಬಸ್ಸಿನಲ್ಲಿ. ತೊಡೆಯ ಮೇಲೆ ಸ್ಟೀಲಿನ ಡಬ್ಬಿ, ಅದರಲ್ಲಿ ಬಾಳೆಲೆಯಲ್ಲಿ ಸುತ್ತಿದ ಬೆಣ್ಣೆ. "ಕೋಪ ಏನಿದ್ರೂ ನನ್ನ ಮ್ಯಾಲಿರ್ಲಿ, ಆ ಹುಡುಗಿ ಮ್ಯಾಲೆ ಬ್ಯಾಡ ಅಂತ ಕೇಳ್ಕಂಡು ಬತ್ತೀನಿ."

ಡಬ್ಬಿಯ ಮುಚ್ಚಳವನ್ನು ಮತ್ತೆ ಮತ್ತೆ ಒತ್ತಿ ಹಿಡಿಯುತ್ತಿದ್ದಳು. ಬಸ್ಸು ಕುಲುಕುವುದಕ್ಕೆ ಹಾಗೆ ಎಂದು ನಾನು ಅಂದುಕೊಂಡೆ.

ಹಳೇಬೀಡಿನಲ್ಲಿ ಪ್ರವಾಸಿಗಳ ಬಸ್ಸುಗಳ ನಡುವೆ ತೂರಿಕೊಂಡು ಆಟೋ ಹಿಡಿದೆವು. ಮ್ಯೂಸಿಯಂ ಇದ್ದದ್ದು ಹೊಲಗಳ ನಡುವಿನ ಒಂದು ಊರಿನಲ್ಲಿ, ಹಳೆಯ ಶಾಲೆಯ ಎರಡು ಕೋಣೆಗಳಲ್ಲಿ. ಸುತ್ತಲಿನ ಊರುಗಳ ಏರಿ, ಬದು, ದನದ ಕೊಟ್ಟಿಗೆಗಳಿಂದ ತಂದ ಕಲ್ಲುಗಳನ್ನು ಸಿಮೆಂಟಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಕರಿಹಲಗೆ ಗೋಡೆಯಲ್ಲಿ ಹಾಗೇ ಇತ್ತು. ಹೊಯ್ಸಳರಿಗಿಂತ ಹಿಂದಿನ ಕೆಲಸ, ಬೇಲೂರಿನ ಕುಸುರಿ ಇಲ್ಲಿಲ್ಲ. ಮೂಗು ಸವೆದವರು, ಕೈ ಮುರಿದವರು, ಒಂದೇ ಕಿವಿಯ ನಂದಿ. ನೋಡಲು ಬಂದವರು ನಾವಿಬ್ಬರೇ. ಕಾವಲಿಗಿದ್ದ ಸಾವಿತ್ರಿ ಎಂಬಾಕೆಗೆ ನಮ್ಮನ್ನು ಕಂಡು ಸಂತೋಷವಾಯಿತು, ಡಬ್ಬಿ ಕಂಡು ಗಾಬರಿಯಾಯಿತು.

"ಬೆಣ್ಣೆ ಹಚ್ಚಂಗಿಲ್ಲ ಅಜ್ಜಿ. ಇರುವೆ ಮುತ್ಕೊಂತವೆ. ಸಾಹೇಬ್ರು ಬಂದ್ರೆ ನನ್ನ ಕೇಳ್ತಾರೆ."

ಚಿಕ್ಕಮ್ಮನಿಗೆ ಅದು ಕೇಳಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಅವಳು ಆ ಕಲ್ಲಿನ ಎದುರು ನಿಂತಿದ್ದಳು. ಆಮೇಲೆ ಪಕ್ಕದ ಗೋಡೆಯ ಫಲಕ ಕಂಡಿತು. "ಏನು ಬರ್ದವ್ರೆ ಓದು," ಎಂದಳು.

ಫಲಕದಲ್ಲಿ ಇದ್ದದ್ದು ಇಷ್ಟು: ವೀರಗಲ್ಲು, ಗಂಗರ ಕಾಲ. ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋರಾಡಿ ಮಡಿದವನ ನೆನಪಿಗೆ ನಿಲ್ಲಿಸಿದ್ದು. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಕೈಲಾಸಕ್ಕೆ ಕರೆದೊಯ್ಯುತ್ತಿದ್ದಾರೆ. ಹೆಸರು ಅಳಿಸಿಹೋಗಿದೆ.

ಓದುವುದೋ ಬಿಡುವುದೋ ಎಂದು ಒಂದು ಗಳಿಗೆ ಯೋಚಿಸಿದೆ. ಹೋದ ಕಡೆಯೆಲ್ಲ ವೀರಗಲ್ಲು ವಿವರಿಸಿದವನು ನಾನು, ಅವತ್ತು ಕನ್ನಡಕ ಮರೆತುಬಂದೆ ಎಂದುಬಿಡೋಣ ಅನಿಸಿತು. ಆದರೂ ಓದಿದೆ. ಓದಿ ಮುಗಿಸಿದಾಗ ಒಂದು ಸಮಾಧಾನವೂ ಆಯಿತು. ಬಾಣಂತಮ್ಮನೇ ಇಲ್ಲವೆಂದ ಮೇಲೆ ಅವಳ ಕೋಪವೆಲ್ಲಿ ಬಂತು, ಚಿಕ್ಕಮ್ಮನ ಭಯ ಇಲ್ಲಿಗೆ ತೀರಿತು ಎಂದು.

"ಹಂಗಾರೆ ಇದು ಹೆಂಗ್ಸಲ್ವಾ?"

"ಅಲ್ಲ ಚಿಕ್ಕಮ್ಮ. ಗಂಡಸು. ಹೊಡೆದಾಟದಲ್ಲಿ ಸತ್ತೋನು. ಯಾರೂ ನಿನ್ನ ಮೇಲೆ ಮುನಿಸ್ಕೊಂಡಿಲ್ಲ, ಭಯ ಬಿಡು."

"ಹೆಸ್ರು ಯಾಕೆ ಅಳ್ಸೋಗೈತೆ?"

ಗೊತ್ತಿಲ್ಲ ಎಂದಿದ್ದರೆ ಆಗುತ್ತಿತ್ತು. ನನ್ನ ಪಾಂಡಿತ್ಯ ಬಿಡಬೇಕಲ್ಲ. "ಬೆಣ್ಣೆ ಹಚ್ಚಿ ಒರೆಸಿ ಒರೆಸಿ ಸವೆದಿರ್ಬೇಕು," ಎಂದೆ.

ಅವಳು ಕಲ್ಲಿನ ಒಂದೊಂದು ಸಾಲನ್ನೂ ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಕೇಳಿದಳು:

"ಇವನ್ನ ಹೆತ್ತೋಳು ಎಲ್ಲವಳೆ ಇದ್ರಾಗೆ?"

ನಾನೂ ಹುಡುಕಿದೆ. ದನಗಳಿದ್ದವು, ಕಳ್ಳರಿದ್ದರು, ಅಪ್ಸರೆಯರು, ಲಿಂಗ, ಪೂಜಾರಿ, ಪೂಜಾರಿಯ ಕೈಯಲ್ಲಿ ಗಂಟೆ ಸಹ ಇತ್ತು.

"ಕೆತ್ತಿಲ್ಲ ಚಿಕ್ಕಮ್ಮ."

"ಸತ್ತು ಮಲಗಿದ್ದೋನ್ನ ಬೈದ್ನಲ್ಲಪ್ಪ ನಾನು. ಕೆಸ್ರು ಬೇರೆ ಎರಚ್ದೆ."

ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಎರಡೂ ಅಂಗೈ ಚಾಚಿ, ಕಲ್ಲಿಗೆ ತಾಕಿಯೂ ತಾಕದ ಹಾಗೆ ಆ ಆಕೃತಿಯ ತಲೆಯಿಂದ ಕಾಲಿನವರೆಗೆ ನೀವಿ, ಬೆರಳು ಮಡಿಸಿ ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಮನೆಯ ಮಕ್ಕಳಿಗೆ ದೃಷ್ಟಿ ತೆಗೆಯುತ್ತಾರಲ್ಲ, ಹಾಗೆ. ಮುಟ್ಟಬೇಡಿ ಎನ್ನಲು ಬಾಯಿ ತೆರೆದಿದ್ದ ಸಾವಿತ್ರಿ, ಸಾಹೇಬರು ಬರುತ್ತಾರೇನೋ ಎಂದು ಬಾಗಿಲಲ್ಲಿ ಹೋಗಿ ನಿಂತಳು.

"ನಮ್ಮೋನಿಗೂ ಹೆಸ್ರಿರ್ಲಿಲ್ಲ," ಎಂದಳು ಚಿಕ್ಕಮ್ಮ. "ಏನೂಂತ ಕರ್ದು ಅಳ್ಬೇಕು ಅನ್ನೋದೇ ಗೊತ್ತಾಗ್ಲಿಲ್ಲ ಕಣೋ ನಂಗೆ."

ನನಗೆ ಅಳು ಬಂತು. ಒಂದೇ ಕಿವಿಯ ನಂದಿಯನ್ನು ನೋಡುವವನಂತೆ ಆಚೆ ತಿರುಗಿದೆ. ಆ ಬೆಣ್ಣೆ ನಮ್ಮ ಮನೆಗೇ ಬಂತು, ಹೆಂಡತಿ ಅವತ್ತೇ ಕಾಯಿಸಿದಳು.

ಹೋದ ವಾರ ಹಾಸನದ ಆಸ್ಪತ್ರೆಯಲ್ಲಿ ಶ್ವೇತಳಿಗೆ ಹೆರಿಗೆಯಾಯಿತು. ಹೆಣ್ಣುಮಗು, ಚೆನ್ನಾಗಿ ಅತ್ತಿತು. ನಮ್ಮ ಕಡೆ ತೊಟ್ಟಿಲು ಶಾಸ್ತ್ರದವರೆಗೆ ಮಗುವನ್ನು ಹೆಸರಿಟ್ಟು ಕರೆಯುವುದಿಲ್ಲ. ಮಠದಲ್ಲಿ ಕೇಳಿ ಅಕ್ಷರ ಗೊತ್ತುಮಾಡಿಕೊಳ್ಳಬೇಕು, ಅಲ್ಲಿಯವರೆಗೆ ಪಾಪು, ಪುಟ್ಟಿ ಎನ್ನುತ್ತಾರೆ. ನರ್ಸು ಮಗುವನ್ನು ತಂದು ಕೈಗಿಟ್ಟಳೋ ಇಲ್ಲವೋ, ಚಿಕ್ಕಮ್ಮ ಯಾರನ್ನೂ ಕೇಳದೆ ಬಗ್ಗಿ ಅದರ ಕಿವಿಯಲ್ಲಿ ಒಂದು ಹೆಸರು ಹೇಳಿದಳು. ಬೀಗಿತ್ತಿ, ಶ್ವೇತಳ ಅತ್ತೆ, ಹೌಹಾರಿದರು.

"ಶಾಸ್ತ್ರಕ್ಕೆ ನಿಮಗೆ ಬೇಕಾದ್ದು ಇಟ್ಕಳಿ ಕಣ್ರೀ," ಎಂದಳು ಚಿಕ್ಕಮ್ಮ, ಮಗುವನ್ನು ಎದೆಗೆ ಒತ್ತಿಕೊಂಡು. "ಅಲ್ಲೀಗಂಟ ಇದಿರ್ಲಿ."