ಚೆನ್ನಾಗವ್ನೆ ಕಣಪ್ಪ

ಕಡೂರಿನ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಊರವರ ಅರ್ಜಿಗಳನ್ನೆಲ್ಲ ಟೈಪ್ ಮಾಡಿಕೊಡುತ್ತಾ, ನನ್ನಷ್ಟು ಚೆನ್ನಾಗಿ ಅರ್ಜಿ ಬರೆಯುವವರು ತಾಲ್ಲೂಕಿನಲ್ಲೇ ಇಲ್ಲ ಎಂದು ಬೀಗುತ್ತಿದ್ದೆ. ಕೊರೊನಾ ಬಂದ ವರ್ಷ ನಮ್ಮ ಮನೆಗೇ ಒಂದು ಅರ್ಜಿ ಬೇಕಾಯಿತು. ಬದುವಿನ ಜಗಳದಲ್ಲಿ ದಾಯಾದಿಯ ತಲೆ ಒಡೆದು ಜೈಲು ಸೇರಿದ್ದ ಅಣ್ಣನಿಗೆ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಜೈಲಿನ ಗುಂಪಿನಲ್ಲಿ ಸೋಂಕು ತಗುಲಿದರೆ ಉಳಿಯುವುದಿಲ್ಲ, ಪೆರೋಲ್ ಮೇಲೆ ಮನೆಗೆ ಬಿಡಿ ಎಂದು ಬರೆದೆ. ಹಿಂದೆ ತರೀಕೆರೆಯ ಡಾಕ್ಟರು ಕೊಟ್ಟಿದ್ದ ಚೀಟಿಗಳನ್ನೂ ಲಗತ್ತಿಸಿದೆ.

ವಿಚಾರಣೆಗೆ ಪೊಲೀಸರು ಅಜ್ಜಂಪುರದ ಹತ್ತಿರದ ನಮ್ಮ ಹಳ್ಳಿಗೆ ಹೋಗುತ್ತಾರೆಂದು ಗೊತ್ತಿತ್ತು. ಅವ್ವ ಅಳಲು ಶುರು ಮಾಡಿದರೆ ನಿಲ್ಲಿಸುವವಳಲ್ಲ. ಫೋನ್ ಮಾಡಿ, "ಅವರ ಮುಂದೆ ಗೋಳಾಡ್ಕೊಂಡು ಕೂತ್ಕಬೇಡ, ಮರ್ಯಾದೆಯಾಗಿ ಮಾತಾಡು" ಎಂದು ಗದರಿದೆ.

ಕಾನ್‌ಸ್ಟೇಬಲ್ ಬಂದಾಗ ಅವ್ವ ಜಗಲಿಯ ಮೇಲೆ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳಂತೆ. "ಮಗ ಹೆಂಗವ್ನೆ ಅಜ್ಜಿ?" ಎಂದು ಅವನು ಕೇಳಿದನಂತೆ. ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದವರು ಮಕ್ಕಳನ್ನು ವಿಚಾರಿಸಿದರೆ ಉತ್ತರ ಒಂದೇ. ಕಾಯಿಲೆ ಇದ್ದರೂ ಅದನ್ನು ಹೊಸ್ತಿಲ ಮೇಲೆ ಆಡಬಾರದು, ಆಡಿದರೆ ಹೆಚ್ಚುತ್ತದೆ ಎಂಬ ನಂಬಿಕೆ.

"ಚೆನ್ನಾಗವ್ನೆ ಕಣಪ್ಪ" ಎಂದಳಂತೆ ಅವ್ವ. ಅವನು ಅದನ್ನೇ ಬರೆದುಕೊಂಡು ಹೋದ. ಸಂಜೆ ಅವಳು ಫೋನ್ ಮಾಡಿ, "ಎಲ್ಲ ಚೆಂದಾಗಿ ಮಾತಾಡ್ದೆ ಕಣೇ" ಎಂದಾಗ, ಬಚಾವಾದೆವು ಅಂದುಕೊಂಡೆ.

ಅರ್ಜಿ ತಿರಸ್ಕರಿಸಿದ ಕಾಗದದಲ್ಲಿ ಆ ಸಾಲಿತ್ತು: ಆರೋಗ್ಯವಾಗಿದ್ದಾನೆಂದು ತಾಯಿಯೇ ಹೇಳಿಕೆ ನೀಡಿರುತ್ತಾರೆ. ಅಂಗಡಿಯಲ್ಲಿ ಒಬ್ಬಳೇ ಕೂಗಾಡಿದೆ. ಇನ್ನೊಂದು ಅರ್ಜಿ ಬರೆದೆ. ಅದು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಅಣ್ಣನಿಗೆ ಜ್ವರ ಬಂತು, ಐದನೇ ದಿನ ಹೋಗಿಬಿಟ್ಟ. ನಮಗೆ ಮುಖ ನೋಡಲೂ ಸಿಗಲಿಲ್ಲ.

ಅರ್ಜಿ ಯಾಕೆ ಬಿದ್ದುಹೋಯಿತೆಂದು ಅವ್ವನಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಆ ಜೀವ ತಡೆಯುವುದಿಲ್ಲ. ಅವಳ ಬಾಯಿ ಕಟ್ಟಿದವಳು ನಾನೇ.

ಮೊನ್ನೆ ಊರಿಗೆ ಹೋದಾಗ, ಅವರೆಕಾಯಿ ಸುಲಿಯುತ್ತಾ ಅವಳು ಮತ್ತೆ ಅದೇ ಮಾತು ತೆಗೆದಳು.

"ಆ ಪೊಲೀಸಪ್ಪಂಗೆ ಏನೂ ಕಮ್ಮಿ ಮಾಡ್ಲಿಲ್ಲ ಕಣೇ. ನೀನು ಹೇಳ್ದಂಗೇ ಮರ್ಯಾದೆಯಾಗಿ ಮಾತಾಡ್ದೆ, ಒಂದ್ ತೊಟ್ಟು ಕಣ್ಣೀರು ಹಾಕ್ಲಿಲ್ಲ. ಆದ್ರೂ ಯಾಕೆ ಬಿಡ್ಲಿಲ್ಲ ಅವನ್ನ?"

"ಗೊತ್ತಿಲ್ಲ ಕಣವ್ವ" ಎಂದೆ.