ಚಿಗವ್ವ ಕುದಿಸಿದ ಕೆರೆ

ಎದುರು ಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದಿರಬೇಕು, ಸೀದ ವಾಸನೆ ಈಗಷ್ಟೇ ಕಿಟಕಿಯೊಳಗೆ ಬಂತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನನಗೆ ಚಿಗವ್ವ ನೆನಪಾದಳು, ಅವಳ ಬೆನ್ನಿಗೇ ನನ್ನ ಪಿಎಚ್‌ಡಿ.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ಗುಡೂರಿನ ಹತ್ತಿರ ಒಂದು ಹಳ್ಳಿಯಲ್ಲಿ ಅವಳ ಮನೆ. ಅವ್ವ ಶಾಲೆಯ ನೌಕರಿಯಲ್ಲಿ ಊರೂರು ತಿರುಗುವಾಗ ನನ್ನನ್ನು ಸಾಕಿದವಳು ಇವಳೇ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದವಳು ಮೊದಲು ಮಾಡುವ ಕೆಲಸ ಒಲೆಯ ಮೇಲೆ ನೀರಿಡುವುದು. ಕುದಿಸಿದರೆ ಎಲ್ಲವೂ ನೆಟ್ಟಗಾಗುತ್ತದೆ ಎಂದು ಅವಳ ನಂಬಿಕೆ: ಹಾಲು, ನೀರು, ನಿನ್ನೆಯ ಸಾರು, ಕೆಸರಾದ ನನ್ನ ಅಂಗಿ.

ನನ್ನ ಸಂಶೋಧನೆಯೋ, ಕೆರೆಗಳಲ್ಲಿ ಹಬ್ಬುವ ವಿಷಪಾಚಿಯ ಮೇಲೆ. ಹೊಲದ ಗೊಬ್ಬರ ಮಳೆಗೆ ಕೊಚ್ಚಿ ಬಂದು ಸೇರಿದ ಕೆರೆ ಬೇಸಿಗೆಯಲ್ಲಿ ಇಳಿದಾಗ ಮೇಲೆ ಹಸಿರು ಕೆನೆ ಕಟ್ಟುತ್ತದೆ. ಅದರಲ್ಲಿ ಕೆಲವು ಜಾತಿ ಪಿತ್ತಜನಕಾಂಗವನ್ನೇ ಕೆಡಿಸುವ ವಿಷ ಬಿಡುತ್ತವೆ. ಬಾಗಲಕೋಟೆಯ ಹಿನ್ನೀರು, ಬಾದಾಮಿ ಕಡೆಯ ಹೊಂಡಗಳನ್ನೆಲ್ಲ ಬಿಟ್ಟು ಚಿಗವ್ವನ ಊರ ಕೆರೆಯನ್ನೇ ಆರಿಸಿಕೊಂಡದ್ದಕ್ಕೆ ಗೈಡ್ ಮುಂದೆ ದೊಡ್ಡ ದೊಡ್ಡ ಕಾರಣ ಹೇಳಿದ್ದೆ. ನಿಮ್ಮೆದುರು ಸುಳ್ಳೇಕೆ, ಕಾರಣ ಅವಳ ಕೈಯ ರೊಟ್ಟಿ, ಎಣ್ಣೆಗಾಯಿ.

ಆದರೆ ಆ ರೊಟ್ಟಿಗೆ ಹಿಟ್ಟು ಕಲಸುವ ನೀರು ಯಾವುದೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ನಳ ಬಾರದ ದಿನ ಊರವರು ಅದೇ ಕೆರೆಯ ನೀರು ತರುತ್ತಿದ್ದರು. ಚಿಗವ್ವನೂ.

"ಚಿಗವ್ವಾ, ಆ ನೀರ ಕುಡಿಬ್ಯಾಡ. ಅದರಾಗ ವಿಷ ಐತಿ."

"ಹಂಗ ಯಾರ ಕುಡಿತಾರ? ಕುದಿಸೇ ಕುಡಿತೇನಿ."

"ಕುದಿಸಿದ್ರೂ ಹೋಗೂದಿಲ್ಲ ಅದು."

"ಹೋಗ ಹುಚ್ಚಿ! ನಿನ್ನ ಬೆಳೆಸಿದ್ದ ಕುದಿಸಿದ ನೀರಿನ ಮ್ಯಾಲೆ."

ನಾನು ಖಾಲಿ ಬಾಟಲಿಗಳನ್ನು ಎತ್ತಿಕೊಂಡು ಕೆರೆಗೆ ನಡೆದೆ.

ಕೆರೆಯ ಬೇರೆ ಬೇರೆ ಕಡೆಯಿಂದ ತುಂಬಿ ತಂದ ಬಾಟಲಿಗಳು ಅವಳ ಫ್ರಿಜ್ ತುಂಬಿದ್ದವು. ಮೊಸರಿನ ಗಡಿಗೆ ಪಾಪ ಹೊರಗೆ ಬಿದ್ದಿತ್ತು. ಒಂದು ದಿನ ನಾನು ಕಮತಗಿಗೆ ಹೋಗಿದ್ದಾಗ ಕರೆಂಟು ಹೋಯಿತು. ಸಂಜೆ ಬಂದು ನೋಡುತ್ತೇನೆ, ಬಾಟಲಿಗಳೆಲ್ಲ ಕಟ್ಟೆಯ ಮೇಲೆ ಸಾಲಾಗಿ ನಿಂತಿವೆ. ಮುಟ್ಟಿದರೆ ಬೆಚ್ಚಗಿವೆ.

"ಕರೆಂಟ್ ಹೋತು. ನಿನ್ನ ನೀರ ಕೆಡತಾವಂತ ಹಾಲಿನಗತೆ ಒಂದ ಕುದಿ ಕುದಿಸಿಟ್ಟೇನಿ," ಎಂದಳು ಚಿಗವ್ವ, ಭಾಳ ಹೆಮ್ಮೆಯಿಂದ.

"ಯಾವ ಬಾಟಲಿದು ಯಾವುದರಾಗ ಐತಿ?"

"ಎಲ್ಲಾ ಒಂದ ಕೆರಿ ನೀರಲ್ಲೇನ? ಒಂದ ಬೋಗುಣ್ಯಾಗ ಹಾಕಿ ಕುದಿಸೇನಿ."

ಅಯ್ಯೋ ದೇವರೇ! ಒಂದಿಡೀ ಬೇಸಿಗೆಯ ದುಡಿಮೆ. ಅಲ್ಲೇ ಕುಳಿತು ಅತ್ತುಬಿಟ್ಟೆ. ಚಿಗವ್ವ ಗಾಬರಿಯಾಗಿ ಇಳಕಲ್ ಸೆರಗಿನಿಂದ ನನ್ನ ಮುಖ ಒರೆಸಿದಳು. ಏನು ಕೆಟ್ಟಿತೆಂದು ತಿಳಿಯದೆಯೇ "ತಪ್ಪಾತವ್ವಾ, ತಪ್ಪಾತು" ಎಂದಳು.

ಅತ್ತು ಮುಗಿದ ಮೇಲೆ ಬುದ್ಧಿ ಬಂತು. ಕುದಿಸಿದ ನೀರು ಕೈಯಲ್ಲೇ ಇದೆಯಲ್ಲ! ವಿಷ ಪತ್ತೆ ಹಚ್ಚುವ ಪಟ್ಟಿಯೊಂದನ್ನು ಅವಳೆದುರಿಗೇ ಅದರಲ್ಲಿ ಅದ್ದಿದೆ. ನೀರಿನಲ್ಲಿ ವಿಷ ಇಲ್ಲದಿದ್ದರೆ ಎರಡು ಗೆರೆ ಮೂಡಬೇಕು ಎಂದು ಮೊದಲೇ ತಿಳಿಸಿ ಹೇಳಿದ್ದೆ. ಇಬ್ಬರೂ ಬಗ್ಗಿ ಕಾದೆವು. ಒಂದೇ ಮೂಡಿತು.

"ಚಲೋತಂಗ ಕುದಿಸೇನಲ್ಲ ನಾ," ಎಂದಳು. ದನಿ ಸಣ್ಣದಾಗಿತ್ತು. "ಖರೆ ಹೇಳ, ಕುದಿಸಿದ್ದು ಅದಕ್ಕ ತಾಗಲೇ ಇಲ್ಲೇನು?"

"ಇಲ್ಲ ಚಿಗವ್ವಾ," ಎಂದೆ. ನನ್ನ ಮೇಲಿನ ಅವಳ ಅಕ್ಕರೆಯೆಲ್ಲ ಆ ಒಲೆಯ ಮೇಲೆಯೇ ಕುದ್ದದ್ದು.

ಮರುದಿನ ಅವಳೇ ಮನೆಮನೆಗೆ ಹೋದಳು. "ನಾನ ಕುದಿಸೇನಿ, ನಾನ ಕಣ್ಣಾರೆ ನೋಡೇನಿ. ಕುಡಿಬ್ಯಾಡ್ರಿ." ನನ್ನ ಮಾತಿಗೆ ತಲೆಯಾಡಿಸಿ ಮತ್ತೆ ಕೆರೆಗೇ ಹೋಗುತ್ತಿದ್ದ ಹೆಂಗಸರು ಅವಳ ಮಾತಿಗೆ ನಿಂತರು. ದೂರವಾದರೂ ಬೋರಿನ ನೀರಿಗೆ ಹೋಗತೊಡಗಿದರು. ನಾನು ಮುಂದಿನ ಬೇಸಿಗೆಯಲ್ಲಿ ಮತ್ತೆ ಮೊದಲಿನಿಂದ ಬಾಟಲಿ ತುಂಬಿದೆ.

ಇಷ್ಟು ನೆನೆದ ಮೇಲೆ ಸುಮ್ಮನಿರಲಾಗಲಿಲ್ಲ, ಫೋನ್ ಹಚ್ಚಿದೆ. "ಈಗಷ್ಟ ನೀರ ಕುದಿಸಿ ಆರಿಸೇನಿ," ಎಂದಳು ಚಿಗವ್ವ. "ಬೋರಿಂದು. ಕುಡಿಲೇನು?"

ಅದು ಹೋದ ವಾರ ನಾನೇ ಪರೀಕ್ಷಿಸಿ ಬಂದ ನೀರು. ಚಿಕ್ಕಂದಿನಲ್ಲಿ ಯಾರನ್ನೂ ಕೇಳದೆ ನನ್ನ ಬಾಯಿಗೆ ಲೋಟ ಹಿಡಿಯುತ್ತಿದ್ದವಳು ಅವಳು.

"ಕುಡಿ," ಎಂದೆ.

ಆ ಕಡೆಯಿಂದ ಗಟಗಟ ಸದ್ದು ಕೇಳಿಸಿತು. ಪಿಎಚ್‌ಡಿಯ ಮೌಖಿಕ ಪರೀಕ್ಷೆಯಲ್ಲೂ ಆಗದ ಹೆದರಿಕೆ ನನಗೆ ಆಗ ಆಯಿತು. ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಅವಳು ನನ್ನ ಒಂದು ಮಾತಿನ ಮೇಲೆ ಕುಡಿದಿದ್ದಳು.