ಟೆನಿಸ್ ಎಂದರೆ ‘ತಗೋ’

ಕ್ಷಮಿಸಿ, ನನ್ನ ಕನ್ನಡ ಅರ್ಧ ಇಂಗ್ಲಿಷ್, ಔರಾದ್‌ನವರ ಈ ಗ್ರೂಪಿನಲ್ಲಿ ಬರೆಯಬಾರದಿತ್ತೇನೋ. ತಪ್ಪಿದ್ದರೆ ಬೈಯಬೇಡಿ. ಬೀದರಿನಲ್ಲಿ ಡಿಗ್ರಿ ಫಸ್ಟ್ ಇಯರ್ ಓದುತ್ತಿದ್ದೇನೆ. ಟೆನಿಸ್ ಎಂಬ ಪದ ಫ್ರೆಂಚರ ‘ತೆನೇ’, ಅಂದರೆ ‘ತಗೋ’ ಎಂಬ ಕೂಗಿನಿಂದ ಬಂದಿರಬೇಕು, ಚೆಂಡು ಹೊಡೆಯುವ ಮುಂಚೆ ಹಾಗೆ ಕೂಗುತ್ತಿದ್ದರಂತೆ ಎಂದು ಇವತ್ತು ಕ್ಲಾಸಿನಲ್ಲಿ ಮೇಡಂ ಹೇಳಿದರು. ನನಗೆ ಭಾಲ್ಕಿಯ ನಮ್ಮ ಅಂಗಳ ಕಂಡಿತು.

ಹಾಸ್ಟೆಲ್ಲಿನಿಂದ ರಜೆಗೆ ಬಂದಾಗಲೆಲ್ಲ ಅಮ್ಮ ಸೆರಗು ಸಿಕ್ಕಿಸಿಕೊಂಡು, ಬಟ್ಟೆ ಒಣಗಿಸುವ ಹಗ್ಗದ ಮೇಲಿಂದ ನನ್ನ ಕಡೆ ರಬ್ಬರ್ ರಿಂಗ್ ಎಸೆಯುತ್ತಿದ್ದಳು. ಪ್ರತಿ ಸಲ ಮೊದಲು ಕೂಗುತ್ತಿದ್ದಳು, “ತಗೋ ಬೇಟಾ!”

ಪಕ್ಕದ ಮನೆಯ ವೈನಿ ನಗುತ್ತಿದ್ದರು: “ಹೇಳಿ ಒಗದ್ರ ಗೆಲ್ಲೋದು ಹ್ಯಾಂಗ್ರಿ ಸುಮಿತ್ರಾ ಟೀಚರ್?”

“ಹೇಳದೆ ಒಗದ್ರ ಅದು ಆಟ ಅಲ್ರಿ ವೈನಿ, ಕಳ್ಳತನ.”

ಅಮ್ಮ ತೀರಿಕೊಂಡಾಗ ನಾನು ಹಾಸ್ಟೆಲ್ಲಿನಲ್ಲಿದ್ದೆ. ಆಮೇಲೆ ಅಪ್ಪನ ಫೋನ್ ಕೆಟ್ಟು ಅವಳ ವಿಡಿಯೊಗಳೂ ಹೋದವು. ಇವತ್ತು ಬೆಂಚಿನ ಮೇಲೆ ಕೂತು ಆ ಕೂಗನ್ನು ಕೇಳಿಸಿಕೊಳ್ಳಲು ನೋಡಿದೆ. ಮಾತು ನೆನಪಿದೆ, ಅವಳ ದನಿ ಮಾತ್ರ ಬರಲಿಲ್ಲ. ಹೆದರಿಕೆಯಾಯಿತು.

ಅಮ್ಮ ಔರಾದ್‌ನ ಶಾಲೆಯೊಂದರಲ್ಲಿ ಹುಡುಗಿಯರಿಗೆ ಈ ರಿಂಗ್ ಆಟ ಕಲಿಸುತ್ತಿದ್ದಳು. ನಿಮ್ಮಲ್ಲಿ ಯಾರಾದರೂ ಅವಳ ಹತ್ತಿರ ಕಲಿತಿದ್ದರೆ, ಅವಳು ಮಾತಾಡುವ ಒಂದು ವಿಡಿಯೊ ಇದ್ದರೆ ದಯವಿಟ್ಟು ಕಳಿಸಿ. ಇಲ್ಲದಿದ್ದರೆ ಇಲ್ಲವೆಂದಾದರೂ ಬೇಗ ಉತ್ತರಿಸಿ.